ಎಣ್ಣೆ ಹಾಕಬೇಡ

ಕಿರ್ರೆನ್ನುತ್ತಿತ್ತು ಅಂತ ಎಣ್ಣೆ ಬಿಟ್ಟಳಂತೆ ಇರ್ಮಾ,
ಉಪಕಾರವೆಂದೇ.
ಈಗ ಹಿಮ ತಳ್ಳುವ ಯಂತ್ರ
ಸೊಂಟಮಟ್ಟದ ಹಿಮದಲ್ಲಿ ಗುರುಗುಟ್ಟುತ್ತ
ನಿಂತಲ್ಲೇ ನಿಂತಿದೆ. ಕ್ಯಾಲುಮೆಟ್ಟಿನ ಬೀದಿ ಎಲ್ಲೋ ಕೆಳಗೆ.

ಆರಿಸಿ, ಮೂಗಡಿ ಮಗುಚಿ, ತಳದ ತಗಡು ಬಿಚ್ಚಿದೆ.
ಹಲ್ಲಿನ ಚಕ್ರಗಳಿಲ್ಲ ಇಲ್ಲಿ;
ಒಂದು ಬೋಳು ತಟ್ಟೆ,
ಅದರ ಮೈಗೆ ಅಡ್ಡ ಒತ್ತಿಕೊಂಡ ರಬ್ಬರಿನ ಪುಟ್ಟ ಗಾಲಿ.
ಅಂಚಿಗೆ ಸರಿಸಿದರೆ ಓಟ,
ಒಳಗೊಳಗೆ ಬಂದಷ್ಟೂ ನಿಧಾನ,
ನಟ್ಟನಡುವೆ ನಿಂತರೆ
ತಟ್ಟೆ ಎಷ್ಟೇ ಸುತ್ತಲಿ, ಗಾಲಿಗೆ ಸುದ್ದಿಯೇ ಇಲ್ಲ.
ಅಲ್ಲಿಂದ ಕೂದಲೆಳೆ ದಾಟಿದರೆ ಹಿಂದಕ್ಕೆ.

ತಿಕ್ಕಾಟದಲ್ಲೇ ಬದುಕುವ ಜೀವ ಇದು, ಇರ್ಮಾ,
ಇದಕ್ಕೂ ಎಣ್ಣೆಗೂ ಎಣ್ಣೆ-ಸೀಗೆಕಾಯಿ.

ಸ್ಪಿರಿಟ್ ಶೀಸೆ ಹಿಡಿದು ನಿಂತೇ ಇದ್ದಳು.
ನನ್ನಣ್ಣ ತೌನೊ ಹೋದ ಮೇಲೆ ಮೂರು ಚಳಿಗಾಲ
ಬಹಳ ನಯವಾಗಿಯೇ ಮಾತಾಡಿದ್ದೇವೆ ನಾವು:
ಕಾಫಿ ಬೇಕಾ, ಬೇಡ, ಇರಲಿ, ಪರವಾಗಿಲ್ಲ.

ಒರೆಸಿದೆ. ಬಟ್ಟೆಯೆಲ್ಲ ಕಪ್ಪು.
"ದೋಣಿ ಯಾರಿಗೆ ಅಂತ ಹೇಳಿದ್ದ ನಿನಗೆ?"
ಕೇಳಿಯೇ ಬಿಟ್ಟಳು, ಒರಟಾಗಿ,
ಮೂಗು ಕೆಂಪಗೆ.

ಯಂತ್ರ ಎತ್ತಿ ನಿಲ್ಲಿಸಿ ಹಗ್ಗ ಎಳೆದೆ,
ಸನ್ನೆಕೋಲು ಒಂದು ಗುಳಿ ಮುಂದೊತ್ತಿದೆ.
ಗಾಲಿ ಕಚ್ಚಿತು.
"ನನಗೆ," ಅಂದೆ, ಆ ಸದ್ದಿನ ಮೇಲೆ ಕೂಗಿ.