ಶೇಕಡ ಎಂಟು ಬೂದಿ

ಮೂವತ್ತೊಂದು ವರ್ಷ ಕರಡು ತಿದ್ದಿದ ಕಣ್ಣು ಇವು.
ಲಗ್ನಪತ್ರಿಕೆ, ಸಹಕಾರ ಸಂಘದ ವರದಿ,
ಶಿವಗಣಾರಾಧನೆಯ ಕಾರ್ಡು.
ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದರೆ
ನನಗೆ ಅವತ್ತು ಊಟ ಸೇರುವುದಿಲ್ಲ.

ಬೆಕ್ಕಿಗೂ ಅಂಥದೇ ಹೆಸರು.
ಕೂತಾಗ ಬಾಲ ಮೈಯ ಕೆಳಗೆ ಸುತ್ತಿ ಹೊರಳುವುದು
ಥೇಟ್ ‘ಕೃ’ದ ವಟ್ರಸುಳಿ.
ಕರೆಯಲಿಕ್ಕೆ ಸುಳಿ.

ಯುಗಾದಿಯ ಮಾರನೆ ದಿನ
ಮರಳಿನ ಟ್ರೇಯಲ್ಲಿ ಕೂತಿತು, ಎದ್ದಿತು, ಮತ್ತೆ ಕೂತಿತು.
ಕೂಗಿತು. ಹನಿ ಬೀಳಲಿಲ್ಲ.
ತರಕಾರಿ ಚೀಲದಲ್ಲಿ ಹೊತ್ತು ಓಡಿದೆ.

ಡಾಕ್ಟರ್ ರೇಷ್ಮಾ ಡಿಸೋಜಾ ಕೊಳವೆ ಹಾಕಿ
ಮೂರು ದಿನ ಇಟ್ಟುಕೊಂಡು ಕೇಳಿದರು:
‘ಏನು ಹಾಕ್ತೀರಿ ತಿನ್ನಕ್ಕೆ?’
ಹಾಲು, ಅನ್ನ, ಅಂಗಡಿಯ ಒಣ ಕಾಳು.
‘ಮರಳುಗಾಡಿನ ವಂಶ ಇದು, ಬಾಯಾರಿಕೆ ಕಡಿಮೆ.
ನೀರು ಬಟ್ಟಲಲ್ಲಿದ್ದರೆ ಸಾಲದು, ತುತ್ತಿನಲ್ಲಿರಬೇಕು.’
ಹಾಲೂ ಬೇಡವಂತೆ, ಹೊಟ್ಟೆಗಾಗದಂತೆ.
ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ
ಎಷ್ಟು ಪುಸ್ತಕದಲ್ಲಿ ತಿದ್ದಿದ್ದೆ,
ಕಾಗುಣಿತ ಮಾತ್ರ.

ಗಂಗಾ ಸ್ನಾನ, ತುಂಗಾ ಪಾನ ಅನ್ನುತ್ತೇವೆ.
ಆ ಹೊಳೆಯ ಊರಲ್ಲೇ, ನಮ್ಮ ಮನೆಯೊಳಗೆ,
ನೀರು ಸಾಲದೆ ಒಂದು ಜೀವ ಕಲ್ಲು ಕಟ್ಟಿತ್ತು.

ದುರ್ಗಿಗುಡಿಯ ಅಂಗಡಿಗೆ ಭೂತಗನ್ನಡಿ ಒಯ್ದೆ.
ನವಾಜ್ ಸ್ಟೂಲು ಹಾಕಿಕೊಟ್ಟ, ಫ್ಯಾನು ತಿರುಗಿಸಿದ.
ಒಣ ಚೀಲದ ಮುಖದ ಮೇಲೆ ಕೋಳಿ, ಅಂಗೈಯಗಲ ಅಕ್ಷರ.
ಬೆನ್ನಿಗೆ ಇರುವೆ ಸಾಲು:
ಮೊದಲು ಮೆಕ್ಕೆಜೋಳ, ಆಮೇಲೆ ಅಕ್ಕಿ, ಸೋಯಾ,
ಐದನೆಯದಾಗಿ ಕೋಳಿ, ಅದೂ ‘ಉಪೋತ್ಪನ್ನ’.
ಇಷ್ಟು ದೊಡ್ಡ ಸುಳ್ಳನ್ನು ಯಾವ ಲೇಖಕನೂ
ನನ್ನ ಮೇಜು ದಾಟಿಸಿರಲಿಲ್ಲ.
ಇನ್ನೊಂದು ಚೀಲ ವಾಸಿ. ಮಾಂಸವೇ ಮೊದಲು, ಬೆಲೆಯೂ ಮೊದಲು.
ಒದ್ದೆ ಪೊಟ್ಟಣ: ಮೀನು, ಟಾರಿನ್,
ತೇವಾಂಶ ಶೇಕಡ ಎಂಬತ್ತೆರಡು.
ಎಂಬತ್ತು ಗ್ರಾಮಿಗೆ ನಲವತ್ತೈದು ರೂಪಾಯಿ.
ಫಾರಮ್ಮಿಗೆ ಅರವತ್ತು ಪಡೆಯುವವನು
ಅಲ್ಲೇ ಸ್ಟೂಲಿನ ಮೇಲೆ ಗುಣಾಕಾರ ಮಾಡಿದೆ.
ಬೆಳಗ್ಗೆ, ರಾತ್ರಿ ಒದ್ದೆ. ನಡುವೆ ಒಳ್ಳೆಯ ಕಾಳು ಒಂದು ಹಿಡಿ.
ನನ್ನ ಎರಡನೆಯ ಕಾಫಿ ರದ್ದು.

ಮನೆಯಲ್ಲಿ ಗಂಗಕ್ಕ ಪೊಟ್ಟಣ ಓದಿಸಿ ಕೇಳಿದಳು.
‘ಕಚ್ಚಾ ಬೂದಿ, ಶೇಕಡ ಎಂಟು’ ಅಂದೆ.
ಹಣೆಯ ಮೂರು ಗೆರೆ ಮೇಲೆದ್ದವು:
‘ಬೂದಿ ತಿನ್ನಿಸ್ತಾರೇನೋ!’
ಸುಟ್ಟರೆ ಉಳಿಯುವ ಖನಿಜದ ಲೆಕ್ಕ ಅದು, ವಿವರಿಸಿದೆ.
‘ಸುಟ್ಟರೆ ಎಲ್ಲರದ್ದೂ ಉಳಿಯತ್ತೆ.
ಮೀನು ಮಾತ್ರ ಈ ಹೊಸಿಲು ದಾಟಕೂಡದು. ಅದು ಹಿತ್ತಲಲ್ಲೇ ತಿನ್ನಲಿ.’
ಹಿತ್ತಲಿಗೆ ಬೇರೆ ಚಮಚ, ಬೇರೆ ತಟ್ಟೆ, ಬೇರೆ ಮಸಿಬಟ್ಟೆ.

ಹೊಸದನ್ನು ಸುಳಿ ಮೂಸಿ, ಕಾಲಿಂದ ಮಣ್ಣು ಕೆರೆದು
ಮುಚ್ಚುವ ಹಾಗೆ ನಟಿಸಿ ಹೋಯಿತು.
ಹಳೆಯದರ ಜೊತೆ ಕಾಲು ಪಾಲು, ಆಮೇಲೆ ಅರ್ಧ,
ಹತ್ತು ದಿನ ಹೀಗೆ ಬೆರೆಸಿದೆ.
ನಾಲ್ಕನೆಯ ದಿನ ಪೂರಾ ಉಪವಾಸ.
ಅದೂ ಮಾಡಿತು, ನಾನೂ ಮಾಡಿದೆ.

ಆರನೆಯ ರಾತ್ರಿ ಕರೆಂಟು ಹೋದಾಗ
ಅಡುಗೆಮನೆಯಲ್ಲಿ ಮೊಬೈಲಿನ ಬೆಳಕು.
ಸೆರಗು ಮೂಗಿಗೆ ಕಟ್ಟಿ, ಮುಖ ಆಚೆ ತಿರುಗಿಸಿ
ಗಂಗಕ್ಕ ಬಿಸಿನೀರು ಹುಯ್ದು ಪೊಟ್ಟಣ ಕಲಸುತ್ತಿದ್ದಳು,
ನಮ್ಮದೇ ಚಮಚದಲ್ಲಿ.
‘ತಣ್ಣಗಿದ್ರೆ ಅವನು ಹೆಂಗೆ ತಿಂತಾನೆ?’
ಅದು ಅವನಾಗಿತ್ತು.
ಲಿಂಗದೋಷ. ತಿದ್ದಲಿಲ್ಲ.

ಬೆಳಗ್ಗೆ ಮರಳಲ್ಲಿ ಒದ್ದೆ ಉಂಡೆ, ನಿಂಬೆಕಾಯಿ ಗಾತ್ರ.
ಇಬ್ಬರೂ ಬಗ್ಗಿ ನೋಡಿದೆವು,
ಬ್ಯಾಂಕಿನವರು ಚೆಕ್ಕು ನೋಡುವಂತೆ.

ಪ್ರೆಸ್ಸಿನಲ್ಲಿ ಗೃಹಪ್ರವೇಶದ ಆಮಂತ್ರಣ ತಿದ್ದಿಕೊಟ್ಟೆ.
ಮಾಲೀಕರು ಹಾಳೆ ಮೂಗಿನ ಹತ್ತಿರ ಹಿಡಿದು,
ನನ್ನ ಹಣೆ ನೋಡಿ,
ಮತ್ತೆ ಹಾಳೆ ನೋಡಿದರು.