ಹಿಂದಿನ ಸೀಟು

ಮೇಟಗಳ್ಳಿಯ ನಮ್ಮ ಗ್ಯಾರೇಜಿಗೆ ಬಂದವರು
ಮೊದಲು ಕೂರುವುದು ನಿನ್ನ ಹಿಂದಿನ ಸೀಟಿನ ಮೇಲೆ.
ಒಂಬತ್ತು ವರ್ಷವಾಯಿತು ಬಿಚ್ಚಿ.
ಟೀ ಚೆಲ್ಲಿದ ಕಲೆ, ಬೀಡಿ ಸುಟ್ಟ ತೂತು,
ಸ್ಪಂಜಿನೊಳಗೆ ಸಂಸಾರ ಹೂಡಿದ ಇಲಿ.
ಹನ್ನೆರಡು ಕೇಜಿ ಇಳೀತು ಅಂತ
ಅವತ್ತು ಕುಣಿದಾಡಿದ್ದೆ.

ಆಮೇಲೆ ಸ್ಟೆಪ್ನಿ. ಕಾರ್ಪೆಟ್ಟು, ರೇಡಿಯೋ,
ಬಾಗಿಲ ಒಳಗಿನ ರಟ್ಟು, ಹಾರನ್ನು ಕೂಡ.
ಸಂತೆಗೆಂದು ಹೊರಟವಳ ಚೀಲ ಕಸಿದು,
ಚಪ್ಪಲಿ ಬಿಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ
ಓಡು ಅಂದ ಹಾಗೆ
ಓಡು ಅಂದೆ ನಿನಗೆ.

ಓಡಿದೆ. ಸುಳ್ಳು ಹೇಳಬಾರದು.
ಲಲಿತಮಹಲ್ ಪಕ್ಕದ ಮೈದಾನದಲ್ಲಿ
ಕೆಂಪು ಧೂಳು ಆಳೆತ್ತರ ಎಬ್ಬಿಸಿ
ಮೂರನೆಯ ಬಹುಮಾನ ಹೊಡೆದು,
ಅದೇ ಟೈರಿನಲ್ಲಿ, ಅದೇ ಕಾದ ಎಂಜಿನ್ನಿನಲ್ಲಿ
ನಜರಬಾದಿನ ದೋಸೆ ಹೋಟೆಲಿನ ಮುಂದೆ ನಿಂತು ಕಾದು
ಮನೆಗೆ ತಂದು ಬಿಟ್ಟೆ ನನ್ನ.

ಆದರೆ ಎಷ್ಟು ಅಂತ ತಿದ್ದಲಿ, ಝೆನ್ನೇ?
ಸಸ್ಪೆನ್ಷನ್ ಬಿಗಿದರೆ ಮೈಯೆಲ್ಲ ಬಿರುಕು,
ಬಿರುಕಿಗೆ ಬೆಸುಗೆ ಹಾಕಿದರೆ ತೂಕ,
ತೂಕಕ್ಕೆ ಎಂಜಿನ್ ಕೊರೆಸಿದರೆ ಕಾವು,
ಕಾವಿಗೆ ದೊಡ್ಡ ರೇಡಿಯೇಟರು,
ಅದಕ್ಕೆ ಜಾಗ ಸಾಲದೆ ನಿನ್ನ ಮೂತಿಗೇ ಗರಗಸ.
ಇರ್ಷಾದ್ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಕೇಳಿದ:
"ಗುರುವೇ, ಇದರಲ್ಲಿ ಕಂಪನಿಯದು ಏನುಳಿದಿದೆ?"
"ಹಠ" ಅಂದೆ.
"ಅದು ನಿಮ್ದು" ಅಂದ.

ಇಲವಾಲದಾಚೆ ಪೊನ್ನಪ್ಪನ ಶೆಡ್ಡಿನಲ್ಲಿ
ಟಾರ್ಪಾಲಿನ ಕೆಳಗಿತ್ತು ಅದು.
ಬರೀ ಕೊಳವೆ. ಕೊಳವೆಗಳ ನಡುವೆ ಒಬ್ಬನಿಗೆ ಜಾಗ.
ಬಾಗಿಲಿಲ್ಲ. ನಂಬರ್ ಪ್ಲೇಟಿಗೆ ಹಣೆಯೇ ಇಲ್ಲ.
ಬಿಚ್ಚೋಣವೆಂದರೆ ಏನೂ ಇಲ್ಲ,
ಯಾರೂ ಏನನ್ನೂ ತೊಡಿಸಿರಲಿಲ್ಲ ಅದಕ್ಕೆ.
ಇಳಿದು ಕೂತೆ.
ಹೆಚ್ಚಾಗಿದ್ದದ್ದು ನನ್ನ ಹೊಟ್ಟೆ ಒಂದೇ.
ಸ್ಟಿಯರಿಂಗ್ ಮುಟ್ಟಿದೆನೋ ಇಲ್ಲವೋ
ಕಣ್ಣೆದುರೇ ಹೊರಳಿದವು ಎರಡು ಚಕ್ರ,
ನಡುವೆ ಮಾತುಕತೆಯೇ ಇಲ್ಲದೆ.

ದಾಕ್ಷಾಯಿಣಿ ಲೆಕ್ಕದ ಪುಸ್ತಕ ಮುಚ್ಚಿ ಕೇಳಿದಳು:
"ರೋಡಿಗೆ ಇಳಿಯಲ್ವಾ ಇದು?"
ಇಲ್ಲ.
"ಒಂದು ಕಟ್ಟು ಕೊತ್ತಂಬರಿ ತರೋಕೂ?"
ಅದಕ್ಕೂ ಇಲ್ಲ.
"ಓಡೋ ಗಾಡೀನ ಹೊತ್ಕೊಂಡು ಹೋಗ್ಬೇಕಾ ಹಂಗಾದ್ರೆ?"
ಹೌದು, ಬಾಡಿಗೆ ಟೆಂಪೋದಲ್ಲಿ,
ಮದುವೆ ಮನೆಯ ಬೀರುವಿನ ಹಾಗೆ
ನಾಲ್ಕು ಕಡೆ ಹಗ್ಗ ಬಿಗಿದು.
ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು,
ನಿನ್ನ ಕಡೆ ಪೆನ್ನು ತೋರಿಸಿ ಅಂದಳು:
"ಇನ್ನಾದ್ರೂ ಅದನ್ನ ಕಾರಾಗೋಕೆ ಬಿಡಿ."

ನಿನ್ನೆ ಭಾನುವಾರ.
ಇಲಿಯ ಸಂಸಾರವನ್ನು ರಟ್ಟಿನ ಡಬ್ಬಕ್ಕೆ ಸಾಗಿಸಿ
ಸೀಟು ಕೊಡವಿ ಬಿಸಿಲಿಗಿಟ್ಟೆ.
ನಾಲ್ಕೇ ಬೋಲ್ಟು.
ನಿನ್ನನ್ನು ಅಷ್ಟೆಲ್ಲ ಕೊರೆದವನು
ಆ ನಾಲ್ಕು ತೂತು ಮಾತ್ರ ಮುಚ್ಚಿರಲಿಲ್ಲ,
ಯಾಕೆಂದು ನನಗೂ ಗೊತ್ತಿಲ್ಲ.
ಹಾರನ್ ಸಿಕ್ಕಿಸಿ ಒತ್ತಿದೆ.
ಬೀದಿ ನಾಯಿಗಳೆಲ್ಲ ಎದ್ದು ನಿಂತವು.

ಇವತ್ತು ಇರ್ಷಾದ್ ಟೀ ಹಿಡಿದು ಬಂದ,
ರೂಢಿಯಂತೆ ಕೂರಹೋಗಿ
ಅರ್ಧಕ್ಕೇ ತಡೆದು ನಿಂತ:
"ಇನ್ನು ಎಲ್ಲಿ ಕೂರೋದು ಗುರುವೇ?"

ಹೊಸದರ ಜೊತೆ ಬಂದಿದ್ದ
ಸವೆದ ಬೋಳು ಟೈರೊಂದನ್ನು
ಅವನ ಕಡೆಗೆ ಉರುಳಿಸಿದೆ.