ಧನ್ಯವಾದ ಎಂದರೆ ಸಾಕು

ನಿನಗೆ ಗೊತ್ತಿರುವುದೇ, ಲುಹಾನ್.
ಮೊಂತೆವಿದೆಯೊದ ಹಾಲುಹಲ್ಲಿನ ಮಗುವಿಗೂ ಗೊತ್ತು:
ಒಬ್ಬರು ಬಿಸಿನೀರು ಹುಯ್ಯುತ್ತಾರೆ,
ಒಬ್ಬರು ಲೋಹದ ಕೊಳವೆಯಲ್ಲಿ ಹೀರುತ್ತಾರೆ,
ಸೋರೆಬುರುಡೆ ಮರಳುತ್ತದೆ, ಮತ್ತೆ ಹುಯ್ಯುತ್ತಾರೆ.
ಆ ಕಹಿ ಸೊಪ್ಪಿನ ಹೆಸರು ಮಾತೆ,
ಅದಕ್ಕೆ ಮಾತು ಬೇಡ.
ಕುಡಿದು ಬುರುಡೆ ಕೊಡುವಾಗ ಸುಮ್ಮನಿರಬೇಕು.
ಧನ್ಯವಾದ ಎಂದರೆ
ಇನ್ನು ಸಾಕು ಎಂದು.

ಇಷ್ಟು ಗೊತ್ತಿದ್ದದ್ದು
ಸಮವಸ್ತ್ರ ತೊಟ್ಟ ಕೂಡಲೇ ಹೇಗೆ ಮರೆಯುತ್ತದೆ
ಅನ್ನುವುದನ್ನು ಹೇಳುತ್ತೇನೆ, ಕೂತುಕೋ.

ಬಂದರಿನಿಂದ ಬಂದವರು ವಾಲ್ಡೆಮಾರ್ ಬೆಂತಾಂಕೋರ್.
ಮೂವತ್ತೊಂದು ವರ್ಷ ಕ್ರೇನ್ ನಡೆಸಿದವರು.
ಒಂದು ಬೆಳಿಗ್ಗೆ ಮೇಲೆ ಹತ್ತಿ ಕೂತವರು
ಕೆಳಗೆ ಯಾರು ಕೂಗಿದರೂ ಕೇಳಿಸದ ಹಾಗೆ ಕೂತೇ ಇದ್ದರಂತೆ.
ಜೊತೆಗೆ ತಂದದ್ದು ಒಂದು ಸ್ವೆಟರ್, ಒಂದು ಬುರುಡೆ.
ಮೊದಲ ಸಂಬಳದ್ದು, ಅಂಚಿಗೆ ಬೆಳ್ಳಿ ಪಟ್ಟಿ,
ಒಳಗೆಲ್ಲ ಹಸಿರು ಕಪ್ಪಾಗಿ ಪಳಗಿದ್ದು.

ವಾರ್ಡಿನ ನಿಯಮ: ಕೊಳವೆ ಲೋಹದ್ದು, ಎಣಿಸಿ ಕೊಡಬೇಕು,
ಎಣಿಸಿ ತೆಗೆದುಕೊಳ್ಳಬೇಕು, ಚಮಚಗಳ ಹಾಗೆ.
ನೀರು ಉಗುರುಬೆಚ್ಚಗೆ ಮಾತ್ರ.
ಹಾಗಾಗಿ ಸಂಜೆ ಆರಕ್ಕೆ ನಾನೇ ಹುಯ್ಯುತ್ತಿದ್ದೆ,
ಅವರು ಹೀರುತ್ತಿದ್ದರು,
ರುಚಿಯೆಲ್ಲ ತೊಳೆದು ಹೋಗಿ ಬರೀ ನೀರಾಗುವವರೆಗೆ.
ಎರಡು ತಿಂಗಳು. ಒಂದು ಮಾತಿಲ್ಲ.

ಜುಲೈಯ ಆ ಗುರುವಾರ ಗಾಳಿ ಕಿಟಕಿಯನ್ನು ಗುದ್ದುತ್ತಿತ್ತು.
ಫೈಲಿನಲ್ಲಿ ನನ್ನದೇ ಅಕ್ಷರ:
ನಿದ್ದೆ ಏಳು ಗಂಟೆ. ಊಟ ಪೂರ್ತಿ. ಗಡ್ಡ ಬೋಳಿಸಿಕೊಂಡಿದ್ದಾರೆ.
ಇಪ್ಪತ್ತೇಳಿದ್ದ ಅಂಕ ಒಂಬತ್ತಕ್ಕೆ ಇಳಿದಿತ್ತು.
ಶನಿವಾರ ಮನೆಗೆ ಕಳಿಸೋಣ ಎಂದಿದ್ದರು ಡಾಕ್ಟರ್ ಸ್ಕಾರೋನೆ,
ಕಾಗದ ಮೇಜಿನ ಮೇಲಿತ್ತು, ಸಹಿಗೆ.

ಒಂದೇ ಸಲ ಹೀರಿ ಬುರುಡೆ ಕೊಟ್ಟರು.
ಮುಗುಳ್ನಕ್ಕರು.
ಧನ್ಯವಾದ, ನೆಲಿದಾ, ಎಂದರು.

ನನ್ನ ಹೆಸರು ಅವರಿಗೆ ಗೊತ್ತು ಅಂತಲೇ ನನಗೆ ಗೊತ್ತಿರಲಿಲ್ಲ.
ಖುಷಿಯಾಯಿತು, ಸುಳ್ಳೇಕೆ ಹೇಳಲಿ.
ಬರೆಯಲು ಪೆನ್ನು ಎತ್ತಿದೆ: ಮಾತನಾಡಿದರು, ಕೃತಜ್ಞತೆ ಸೂಚಿಸಿದರು...
ಅಷ್ಟರಲ್ಲಿ ಅನಿಬಲ್ ಓಡಿ ಬಂದ, ಮೂರನೇ ಮಂಚದವನು,
ಮುಖ ಅರಳಿಸಿಕೊಂಡು:
ನೋಡಿ ಸಿಸ್ಟರ್, ಇನ್ನು ಮೇಲೆ ಆ ಬುರುಡೆ ನನ್ನದಂತೆ!

ಪೆನ್ನು ಅಲ್ಲೇ ನಿಂತಿತು.
ಹನ್ನೊಂದು ವರ್ಷದ ಹಿಂದೆ, ಬೇರೆ ವಾರ್ಡು, ಬೇರೆ ಮುಖ,
ಇದೇ ತಿಳಿಗೊಳದಂಥ ಮುಖಕ್ಕೆ
ನಾನು 'ಸುಧಾರಣೆ' ಎಂದು ಬರೆದಿದ್ದೆ.
ಆ ಪದದ ಕೊನೆಯ ಕೊಂಬು ಈಗಲೂ ಚುಚ್ಚುತ್ತದೆ.

ಕೇಳಬಾರದು, ಕೇಳಿದರೆ ತಲೆಗೆ ತುಂಬಿದಂತಾಗುತ್ತದೆ
ಅನ್ನುವವರಿದ್ದಾರೆ. ನಂಬಬೇಡ.
ಅವರ ಪಕ್ಕ ಕೂತೆ, ಎದುರಲ್ಲ.
ಕಿಟಕಿಯಾಚೆ ನದಿ, ಮಂದ, ಮಣ್ಣಿನ ಬಣ್ಣದ್ದು,
ದೂರದಲ್ಲಿ ಕ್ರೇನುಗಳ ಕೆಂಪು ದೀಪ.
ಸುತ್ತಿಬಳಸದೆ ಕೇಳಿದೆ:
ಸಾಯಬೇಕು ಅಂತಿದ್ದೀರಾ, ವಾಲ್ಡೆಮಾರ್?

ಗಂಟೆ ಎಷ್ಟು ಎಂದು ಕೇಳಿದವರಿಗೆ ಹೇಳುವಂತೆ ಹೇಳಿದರು:
ಹೌದು.
ಸ್ವಲ್ಪ ತಡೆದು,
ಶನಿವಾರ.

ಆಮೇಲಿನದು ಕತೆಯಲ್ಲ, ಕೆಲಸ.
ಡಾಕ್ಟರಿಗೆ ಫೋನು. ಕಾಗದ ವಾಪಸು.
ಬಾಗಿಲ ಬಳಿ ಕುರ್ಚಿ, ಅದರಲ್ಲಿ ರಾತ್ರಿಯಿಡೀ ಯಾರಾದರೊಬ್ಬರು.
ಅವರು ನನ್ನನ್ನು ಕ್ಷಮಿಸಲಿಲ್ಲ.
ಹನ್ನೆರಡು ದಿನ ಗೋಡೆಗೆ ಮುಖ.
ಒಮ್ಮೆ ಮಾತ್ರ ಹೇಳಿದರು, ನೀನು ಕಳ್ಳಿ ಎಂದು.
ಹೌದು, ಅವರ ಶನಿವಾರ ಕದ್ದಿದ್ದೆ.

ತಪ್ಪಾಗಿಯೂ ಕೇಳಿದ್ದೇನೆ, ಲುಹಾನ್,
ಬರೀ ಖುಷಿಯಾಗಿದ್ದವರನ್ನು ತಡೆದು ನಿಲ್ಲಿಸಿದ್ದೇನೆ.
ಯಾವುದು ಯಾವುದೆಂದು ಮೊದಲೇ ಹೇಳುವ ತಕ್ಕಡಿ
ನನ್ನ ಬಳಿ ಇಲ್ಲ.

ಹದಿಮೂರನೆಯ ಸಂಜೆ ಎದ್ದು ಬಂದು ಬುರುಡೆ ಎಲ್ಲಿ ಎಂದರು.
ಅನಿಬಲ್ ಕೊಡಲಿಲ್ಲ! ಕೊಟ್ಟದ್ದು ಕೊಟ್ಟಾಯಿತು ಎಂದ.
ಜಗಳವಾಯಿತು, ಜೋರಾಗಿ, ಊಟದ ಮನೆಯಲ್ಲಿ,
ಓಡಿ ಬಂದು ಬಿಡಿಸಬೇಕಾದ ನಾನು
ಒಂದು ಗಳಿಗೆ ಹಾಗೇ ನಿಂತು ಕೇಳಿದೆ.
ತನ್ನದೊಂದು ವಸ್ತು ಬೇಕೆಂದು ಕೂಗುವ ಗಂಟಲು.

ಕೊಳವೆ ಎಣಿಸಿದೆ. ಒಂದು.
ಹುಯ್ದೆ. ಹೀರಿದರು.
ಬುರುಡೆ ಚಾಚಿದರು, ಮುಖ ಗಂಟಿಕ್ಕಿಕೊಂಡೇ,
ಏನೂ ಹೇಳದೆ.

ಮತ್ತೆ ಹುಯ್ದೆ.